ಸಂಸ್ಕಾರವೋ, ವೀಸಾವೋ?

ಕಳೆದ ತಿಂಗಳು ನಮ್ಮ ವಿಶ್ವವಿದ್ಯಾಲಯಕ್ಕೆ ಅಮೆರಿಕದಲ್ಲಿ ನೆಲೆಸಿರುವ ಹಿರಿಯರೊಬ್ಬರು ವಿದ್ಯಾರ್ಥಿಗಳ ಜೊತೆ ಮಾತಾಡಲು ಬಂದಿದ್ದರು. ಒಳ್ಳೆಯ ಮಾತುಗಾರರು. ಅಲ್ಲಿನ ಭಾರತೀಯ ಕುಟುಂಬಗಳ ಆದಾಯ ಎಷ್ಟು, ಯಾವ ಯಾವ ದೊಡ್ಡ ಕಂಪನಿಗಳನ್ನು ನಮ್ಮವರು ನಡೆಸುತ್ತಿದ್ದಾರೆ ಎಂದೆಲ್ಲ ವಿವರಿಸಿ, ಕೊನೆಗೆ ಅದರ ಗುಟ್ಟನ್ನೂ ಹೇಳಿದರು: ‘ಓದು, ಕುಟುಂಬ, ಸಂಸ್ಕಾರ. ನಾವು ತೆಗೆದುಕೊಂಡು ಹೋದ ಬಂಡವಾಳ ಇಷ್ಟೇ. ಮೆಕ್ಸಿಕನ್ನರನ್ನು ನೋಡಿ. ಅವರೂ ನಮ್ಮ ಹಾಗೆ ಹೊರಗಿನಿಂದ ಬಂದವರೇ. ಇವತ್ತಿಗೂ ನಮ್ಮ ಮನೆ ಮುಂದಿನ ಹುಲ್ಲು ಕತ್ತರಿಸುತ್ತಿದ್ದಾರೆ.’ ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಹಾಸ್ಟೆಲಿಗೆ ಬಂದ ಮೇಲೆ ಆ ಚಪ್ಪಾಳೆಗೆ ನಾಚಿಕೆಯಾಯಿತು. ನನ್ನ ಅಪ್ಪ ಯಾದಗಿರಿ ಜಿಲ್ಲೆಯ ಹಳ್ಳಿಯಿಂದ ಬೆಂಗಳೂರಿಗೆ ಗುಳೆ ಹೋಗಿ ಸೆಂಟ್ರಿಂಗ್ ಕೆಲಸ ಮಾಡಿದವರು. ‘ಈ ಕಡೆಯವರು ಇಷ್ಟೇ, ಇವರಿಗೆ ಓದು ಹತ್ತುವುದಿಲ್ಲ, ಮುಂದೆ ಬರಬೇಕೆಂಬ ಛಲವಿಲ್ಲ’ ಎಂಬ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಟೆಕ್ಸಸ್‌ನ ಹುಲ್ಲು ಕತ್ತರಿಸುವವನ ಬಗ್ಗೆ ಅವರು ಹೇಳಿದ್ದೂ ನನ್ನ ಅಪ್ಪನ ಬಗ್ಗೆ ಇವರು ಹೇಳಿದ್ದೂ ಒಂದೇ ಮಾತು. ವಲಸೆಯ ಅರ್ಥಶಾಸ್ತ್ರ ನನ್ನ ಸಂಶೋಧನೆಯ ವಿಷಯ. ಆದ್ದರಿಂದ ಆ ಮಾತು ಯಾಕೆ ಸುಳ್ಳು ಎಂದು ಹೇಳುವ ಹೊಣೆ ನನ್ನದೇ ಅನ್ನಿಸಿತು.

ಮೊದಲು ಅಂಕಿಗಳನ್ನು ಒಪ್ಪಿಕೊಳ್ಳೋಣ. ಅಮೆರಿಕದ ಭಾರತೀಯ ಕುಟುಂಬಗಳ ಮಧ್ಯಮಾಂಕ ಆದಾಯ ಈಗ ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್ ಆಸುಪಾಸಿನಲ್ಲಿದೆ. ಮೆಕ್ಸಿಕೋದಿಂದ ಬಂದ ಕುಟುಂಬಗಳದ್ದು ಅದರ ಅರ್ಧವೂ ಇಲ್ಲ. ಭಾರತದಿಂದ ಹೋದ ವಯಸ್ಕರಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಜನ ಪದವೀಧರರು. ಮೆಕ್ಸಿಕೋದಿಂದ ಹೋದವರಲ್ಲಿ ಹತ್ತರಲ್ಲಿ ಒಬ್ಬರು ಸಿಕ್ಕರೆ ಹೆಚ್ಚು. ಭಾರತೀಯರಲ್ಲಿ ಬಹುತೇಕರಿಗೆ ಆರೋಗ್ಯ ವಿಮೆ ಇದೆ. ಮೆಕ್ಸಿಕೋದಿಂದ ಬಂದವರಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಇಲ್ಲ. ಅಂತರ ನಿಜ, ದೊಡ್ಡದೂ ಹೌದು. ನನ್ನ ತಕರಾರು ಅಂತರದ ಬಗ್ಗೆ ಅಲ್ಲ, ಅದಕ್ಕೆ ಕೊಡುವ ಕಾರಣದ ಬಗ್ಗೆ.

ಕಾರಣ ಹುಡುಕಲು 1965ಕ್ಕೆ ಹೋಗಬೇಕು. ಆ ವರ್ಷದ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಅಡಿಯಲ್ಲಿ ಕುಳಿತು ಹೊಸ ವಲಸೆ ಕಾಯ್ದೆಗೆ ಸಹಿ ಹಾಕಿದರು. ಅಲ್ಲಿಯವರೆಗೆ ಭಾರತಕ್ಕಿದ್ದ ಕೋಟಾ ವರ್ಷಕ್ಕೆ 100 ಜನ. ಅದೂ 1946ರ ನಂತರ ಸಿಕ್ಕಿದ್ದು. ಅದಕ್ಕೂ ಮೊದಲು ಬಾಗಿಲು ಹೆಚ್ಚುಕಡಿಮೆ ಪೂರಾ ಮುಚ್ಚಿತ್ತು. ಹೊಸ ಕಾಯ್ದೆ ಪೂರ್ವ ಗೋಳಾರ್ಧದ ಪ್ರತಿ ದೇಶಕ್ಕೆ ವರ್ಷಕ್ಕೆ 20,000ದವರೆಗೆ ಅವಕಾಶ ಕೊಟ್ಟಿತು. ಕುಟುಂಬದ ನಂಟಿಗೂ ಕೌಶಲ್ಯಕ್ಕೂ ಆದ್ಯತೆ ಎಂದಿತು. ಆಗ ಅಮೆರಿಕದಲ್ಲಿ ನೆಲೆಸಿದ್ದ ಭಾರತೀಯರು ತೀರಾ ಕಡಿಮೆ. ಕರೆಸಿಕೊಳ್ಳಲು ಅಣ್ಣತಮ್ಮಂದಿರೇ ಇಲ್ಲದ ಮೇಲೆ ನಮಗೆ ಮೊದಲು ತೆರೆದದ್ದು ಡಿಗ್ರಿಯ ಬಾಗಿಲು. ಅದೇ ವರ್ಷ ವೃದ್ಧರಿಗೆ ಸರ್ಕಾರಿ ವೈದ್ಯಕೀಯ ವಿಮೆ ಕೊಡುವ ಮೆಡಿಕೇರ್ ಬಂದು ವೈದ್ಯರ ಬೇಡಿಕೆಯೂ ಏರಿತು. ಹೀಗೆ ಡಾಕ್ಟರು, ಎಂಜಿನಿಯರು, ವಿಜ್ಞಾನಿಗಳು ಹೋದರು. ಆಮೇಲೆ 1990ರಲ್ಲಿ ಎಚ್-1ಬಿ ವೀಸಾ ಬಂತು. ಇವತ್ತು ಮಂಜೂರಾಗುವ ಎಚ್-1ಬಿಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಭಾರತದಲ್ಲಿ ಹುಟ್ಟಿದವರ ಪಾಲು.

ಇಷ್ಟು ಎಲ್ಲರೂ ಹೇಳುತ್ತಾರೆ. ಹೇಳದೇ ಬಿಡುವುದು ಇದು: ನಮಗೆ ಬಾಗಿಲು ತೆರೆದ ಅದೇ ಕಾಯ್ದೆ ಮೆಕ್ಸಿಕನ್ನರಿಗೆ ಬಾಗಿಲು ಮುಚ್ಚಿತು. ಅದಕ್ಕೆ ಮುಂಚೆ ಮೆಕ್ಸಿಕೋದಿಂದ ಬರುವವರಿಗೆ ಸಂಖ್ಯೆಯ ಮಿತಿಯೇ ಇರಲಿಲ್ಲ. 1942ರಿಂದ 1964ರವರೆಗೆ ‘ಬ್ರಸೇರೋ’ ಎಂಬ ಯೋಜನೆಯಡಿ ಅಮೆರಿಕ ತಾನೇ ಮೆಕ್ಸಿಕೋದಿಂದ ಕೂಲಿಗಳನ್ನು ಕರೆಸಿಕೊಂಡಿತ್ತು. 45 ಲಕ್ಷಕ್ಕೂ ಹೆಚ್ಚು ಒಪ್ಪಂದಗಳು. ಗಡಿಯ ಕೇಂದ್ರಗಳಲ್ಲಿ ಗಂಡಸರನ್ನು ಬೆತ್ತಲೆ ಸಾಲಾಗಿ ನಿಲ್ಲಿಸಿ ಮೈಮೇಲೆ ಡಿಡಿಟಿ ಪುಡಿ ಎರಚಿ ಒಳಗೆ ಬಿಡುತ್ತಿದ್ದ ಚಿತ್ರಗಳು ಇಂದಿಗೂ ಉಳಿದಿವೆ. 1964ರ ಕೊನೆಗೆ ಆ ಯೋಜನೆ ನಿಂತಿತು. 1965ರ ಕಾಯ್ದೆ ಪಶ್ಚಿಮ ಗೋಳಾರ್ಧದ ಎಲ್ಲ ದೇಶಗಳಿಗೂ ಸೇರಿ ವರ್ಷಕ್ಕೆ 1,20,000 ಎಂಬ ಮಿತಿಯನ್ನು ಮೊದಲ ಬಾರಿ ಹೇರಿತು. 1976ರಲ್ಲಿ ಮೆಕ್ಸಿಕೋಗೂ 20,000ದ ಮಿತಿ ಬಿತ್ತು. ಹೊಲ ಅಲ್ಲೇ ಇತ್ತು, ಕೊಯ್ಲು ಇತ್ತು, ಮಾಲೀಕನಿಗೆ ಆಳು ಬೇಕಿತ್ತು, ಆಳಿಗೆ ಕೂಲಿ ಬೇಕಿತ್ತು. ಹೋದದ್ದು ಕಾಗದ ಮಾತ್ರ. ನಿನ್ನೆಯವರೆಗೆ ಕರೆಸಿಕೊಂಡವನನ್ನು ಇವತ್ತು ‘ಅಕ್ರಮ’ ಎಂದು ಕರೆದರು.

ಕಾಗದವಿಲ್ಲದ ಮನುಷ್ಯನ ಬದುಕು ಹೇಗಿರುತ್ತದೆ ಎಂದು ಊಹಿಸಲು ದೊಡ್ಡ ಸಿದ್ಧಾಂತ ಬೇಡ. ಕೂಲಿ ಕಡಿಮೆ ಕೊಟ್ಟರೆ ದೂರು ಕೊಡುವ ಹಾಗಿಲ್ಲ. ಮೈ ಸರಿಯಿಲ್ಲದಿದ್ದರೆ ಆಸ್ಪತ್ರೆಗೆ ಹೋಗಲು ಹೆದರಿಕೆ. ಮಗಳ ಶಾಲೆಯ ಸಭೆಗೆ ಹೋಗಲು ಅಳುಕು. ಇನ್ನು ಕಾಗದ ಇದ್ದವರಿಗಾದರೂ ಏನಿತ್ತು? ಸಂಘ ಕಟ್ಟುವ ಹಕ್ಕು ಕೊಟ್ಟ 1935ರ ಅಮೆರಿಕನ್ ಕಾಯ್ದೆ ಹೊಲದ ಕೂಲಿಗಳನ್ನು ಹೊರಗಿಟ್ಟಿತ್ತು. ಮೂರು ವರ್ಷದ ನಂತರ ಬಂದ ಕೂಲಿ ಕಾಯ್ದೆ ಹೆಚ್ಚುವರಿ ದುಡಿಮೆಯ ಭತ್ಯೆಯಿಂದಲೂ ಅವರನ್ನು ಹೊರಗಿಟ್ಟಿತು. ಅದೇ 1965ರ ಸೆಪ್ಟೆಂಬರಿನಲ್ಲಿ, ಜಾನ್ಸನ್ ಸಹಿ ಹಾಕುವುದಕ್ಕೆ ಕೆಲವೇ ವಾರ ಮೊದಲು, ಕ್ಯಾಲಿಫೋರ್ನಿಯಾದ ಡೆಲಾನೋದಲ್ಲಿ ದ್ರಾಕ್ಷಿ ತೋಟದ ಫಿಲಿಪಿನೋ ಕೂಲಿಗಳು ಮುಷ್ಕರ ಹೂಡಿದರು. ಸೀಸರ್ ಚಾವೆಜ್, ಡೊಲೊರೆಸ್ ಹ್ಯುವೆರ್ಟಾ ಕಟ್ಟಿದ್ದ ಸಂಘದ ಮೆಕ್ಸಿಕನ್ ಕೂಲಿಗಳು ಅವರ ಜೊತೆ ಸೇರಿದರು. ಮುಷ್ಕರ ಐದು ವರ್ಷ ನಡೆಯಿತು. 1968ರಲ್ಲಿ ಚಾವೆಜ್ 25 ದಿನ ಉಪವಾಸ ಕುಳಿತರು. ಅವರಿಗೆ ಮಾದರಿ ಗಾಂಧಿ. ಗಾಂಧಿಯ ದೇಶದಿಂದ ಬಂದವರು ಅವರ ಬಗ್ಗೆ ‘ಛಲವಿಲ್ಲದವರು’ ಎನ್ನುವಾಗ ಇದನ್ನು ನೆನೆಯುವುದು ಒಳ್ಳೆಯದು.

ಇನ್ನು ‘ಸಂಸ್ಕಾರ’ದ ವಾದವನ್ನು ನೇರವಾಗಿ ಪರೀಕ್ಷಿಸೋಣ. ಸಂಸ್ಕಾರವೇ ಕಾರಣವಾಗಿದ್ದರೆ ಭಾರತೀಯರು ಯಾವ ಬಾಗಿಲಿನಿಂದ ಹೋದರೂ ಗೆಲ್ಲಬೇಕಿತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪಂಜಾಬಿನಿಂದ ಕ್ಯಾಲಿಫೋರ್ನಿಯಾಕ್ಕೆ ಹೋದವರು ರೈತರು, ಕೂಲಿಗಳು. ವಿದೇಶಿಯರು ಜಮೀನು ಕೊಳ್ಳುವುದನ್ನು ತಡೆಯುವ ಕಾಯ್ದೆ 1913ರಲ್ಲಿ ಅಲ್ಲಿ ಬಂತು. 1917ರ ವಲಸೆ ಕಾಯ್ದೆ ಇಲ್ಲಿಂದ ಹೆಂಡತಿಯನ್ನು ಕರೆಸಿಕೊಳ್ಳುವ ದಾರಿಯನ್ನೂ ಮುಚ್ಚಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಆ ಪಂಜಾಬಿಗಳು ಏನು ಮಾಡಿದರು? ಇಂಪೀರಿಯಲ್ ಕಣಿವೆಯ ಹೊಲಗಳಲ್ಲಿ ತಮ್ಮ ಪಕ್ಕದಲ್ಲೇ ಹತ್ತಿ ಬಿಡಿಸುತ್ತಿದ್ದ ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾದರು. ಕರೆನ್ ಲಿಯೊನಾರ್ಡ್ ಎಂಬ ವಿದ್ವಾಂಸೆ ಇಂಥ ಮುನ್ನೂರಕ್ಕೂ ಹೆಚ್ಚು ಜೋಡಿಗಳ ಚರಿತ್ರೆಯನ್ನು ಬರೆದಿದ್ದಾರೆ. ರೊಟ್ಟಿ ಮತ್ತು ತೊರ್ತಿಯಾ ಒಂದೇ ಒಲೆಯ ಮೇಲೆ ಬೇಯುತ್ತಿದ್ದ ಮನೆಗಳವು. ಅಂದರೆ ಕೂಲಿಯ ಬಾಗಿಲಿನಿಂದ ಹೋದ ಭಾರತೀಯ ಮೆಕ್ಸಿಕನ್ನನ ಹಾಗೆಯೇ ಬದುಕಿದ, ಅವನ ನೆಂಟನೇ ಆದ. ಅದೇ ದೇಶದ, ಅದೇ ಸಂಸ್ಕಾರದ ಮನುಷ್ಯ. ಬಾಗಿಲು ಮಾತ್ರ ಬೇರೆ.

ಅಷ್ಟು ಹಿಂದೆ ಯಾಕೆ? 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ ಅಮೃತಸರದಲ್ಲಿ ಇಳಿಯಿತು. 104 ಭಾರತೀಯರನ್ನು ಕೈಗೆ ಕೋಳ, ಕಾಲಿಗೆ ಸರಪಳಿ ಹಾಕಿ ತಂದಿದ್ದರು. ಜಮೀನು ಮಾರಿ, ಸಾಲ ಮಾಡಿ, ದಲ್ಲಾಳಿಗೆ ಲಕ್ಷಗಟ್ಟಲೆ ಕೊಟ್ಟು ಕಾಡು ಹಾದಿಯಲ್ಲಿ ಹೋದವರೂ ಅವರಲ್ಲಿದ್ದರು. ಅಮೆರಿಕದಲ್ಲಿ ಕಾಗದವಿಲ್ಲದೆ ಬದುಕುತ್ತಿರುವ ಭಾರತೀಯರು ಲಕ್ಷಗಟ್ಟಲೆ ಇದ್ದಾರೆ. ಅವರಿಗೆ ಸಂಸ್ಕಾರ ಇರಲಿಲ್ಲವೇ? ಅವತ್ತು ನಮ್ಮ ‘ಯಶಸ್ವಿ ಸಮುದಾಯ’ದ ಲೆಕ್ಕದಿಂದ ಅವರನ್ನು ಎಷ್ಟು ಬೇಗ ಕೈಬಿಟ್ಟೆವು ಎಂದು ಯೋಚಿಸಿ.

ಹಾಗಾದರೆ ಹೋದ ನಮ್ಮವರು ಯಾರು? ಸಂಜಯ್ ಚಕ್ರವರ್ತಿ, ದೇವೇಶ್ ಕಪೂರ್, ನಿರ್ವಿಕಾರ್ ಸಿಂಗ್ 2016ರಲ್ಲಿ ಪ್ರಕಟಿಸಿದ ‘ದಿ ಅದರ್ ಒನ್ ಪರ್ಸೆಂಟ್’ ಇದಕ್ಕೆ ಸರಳ ಉತ್ತರ ಕೊಡುತ್ತದೆ. ಮೂರು ಜರಡಿಗಳಲ್ಲಿ ಸೋಸಿ ಉಳಿದವರು. ಮೊದಲನೆಯದು ಜಾತಿ ಮತ್ತು ವರ್ಗ: ಓದಿನ ಹತ್ತಿರ ಹೋಗಲು ಯಾರಿಗೆ ಸಾಧ್ಯವಾಗಿತ್ತು? ಎರಡನೆಯದು ಪ್ರವೇಶ ಪರೀಕ್ಷೆಗಳು. ಮೂರನೆಯದು ಅಮೆರಿಕದ ವೀಸಾ. ಮೂರೂ ಜರಡಿಗಳಲ್ಲಿ ಸೋಸಿ ತೆಗೆದ ಅಕ್ಕಿಯನ್ನು ತೋರಿಸಿ ‘ನೋಡಿ, ನಮ್ಮ ಹೊಲದಲ್ಲಿ ಕಲ್ಲೇ ಇಲ್ಲ’ ಎಂದರೆ ಹೇಗೆ? ಸೋಸುವ ಖರ್ಚು ಕೊಟ್ಟವರೂ ಬೇರೆ. ಐಐಟಿಗಳನ್ನು, ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜನ್ನು, ಸರ್ಕಾರಿ ಮೆಡಿಕಲ್ ಕಾಲೇಜುಗಳನ್ನು ಕಟ್ಟಿದ್ದು ಜನರ ತೆರಿಗೆಯ ಹಣ. ಬೆಂಕಿಪೊಟ್ಟಣ ಕೊಂಡಾಗ ನನ್ನ ಅಜ್ಜಿಯೂ ಅದಕ್ಕೆ ತೆರಿಗೆ ಕೊಟ್ಟಿದ್ದಾಳೆ.

ಮೆಕ್ಸಿಕೋದ ಕಥೆ ಇದಕ್ಕೆ ತಿರುವುಮುರುವು. ಮೂರು ಸಾವಿರ ಕಿಲೋಮೀಟರಿಗೂ ಉದ್ದದ ನೆಲದ ಗಡಿ. ವಿಮಾನದ ಟಿಕೆಟ್ಟು ಬೇಕಿಲ್ಲ, ಡಿಗ್ರಿ ಬೇಕಿಲ್ಲ. ಕರೆದದ್ದೂ ಕೂಲಿಗೆ. ಆದ್ದರಿಂದ ಹೆಚ್ಚಾಗಿ ಹೋದವರು ಹಳ್ಳಿಯ ಬಡವರು. ಮೆಕ್ಸಿಕೋದ ಒಳಗಿರುವ ಪದವೀಧರರ ಪ್ರಮಾಣ ಅಮೆರಿಕಕ್ಕೆ ಹೋದ ಮೆಕ್ಸಿಕನ್ನರಲ್ಲಿರುವುದಕ್ಕಿಂತ ಹೆಚ್ಚು. ಭಾರತದಲ್ಲಿ ಇದು ಸಂಪೂರ್ಣ ಉಲ್ಟಾ. ಒಂದು ದೇಶದ ಮೇಲಿನ ಮೆಟ್ಟಿಲನ್ನು ಇನ್ನೊಂದು ದೇಶದ ಕೆಳಗಿನ ಮೆಟ್ಟಿಲಿನ ಪಕ್ಕ ಇಟ್ಟು ‘ಯಾರು ಎತ್ತರ?’ ಎಂದು ಕೇಳುವುದು ಹೋಲಿಕೆಯೇ ಅಲ್ಲ, ಮೋಸ.

ನ್ಯಾಯವಾಗಿ ಹೋಲಿಸಬೇಕೆಂದರೆ ಎಷ್ಟು ಎತ್ತರದಲ್ಲಿದ್ದಾರೆ ಎಂದಲ್ಲ, ಎಷ್ಟು ಮೆಟ್ಟಿಲು ಹತ್ತಿದರು ಎಂದು ಎಣಿಸಬೇಕು. ರಾನ್ ಅಬ್ರಮಿಟ್ಸ್ಕಿ ಮತ್ತು ಲಿಯಾ ಬೌಸ್ತಾನ್ ಎಂಬ ಅರ್ಥಶಾಸ್ತ್ರಜ್ಞರು 2022ರ ತಮ್ಮ ‘ಸ್ಟ್ರೀಟ್ಸ್ ಆಫ್ ಗೋಲ್ಡ್’ ಪುಸ್ತಕದಲ್ಲಿ ಅದನ್ನೇ ಎಣಿಸಿದ್ದಾರೆ. ಬಡ ವಲಸಿಗರ ಮಕ್ಕಳು, ಅಷ್ಟೇ ಬಡತನದಲ್ಲಿ ಬೆಳೆದ ಅಮೆರಿಕನ್ನರ ಮಕ್ಕಳಿಗಿಂತ ಮೇಲೆ ಹೋಗುತ್ತಾರೆ. ಮೆಕ್ಸಿಕನ್ನರ ಮಕ್ಕಳೂ ಇದಕ್ಕೆ ಹೊರತಲ್ಲ. ಟೊಮೆಟೊ ಬಿಡಿಸುವವನ ಮಗಳು ನರ್ಸ್ ಆಗುವ ದೂರ ಬೆಂಗಳೂರಿನ ಎಂಜಿನಿಯರನ ಮಗ ಕ್ಯಾಲಿಫೋರ್ನಿಯಾದಲ್ಲಿ ಎಂಜಿನಿಯರ್ ಆಗುವ ದೂರಕ್ಕಿಂತ ಕಡಿಮೆಯೇನಲ್ಲ.

ಕ್ಷೇಮವೆಂದರೆ ಹಣವೊಂದೇ ಅಲ್ಲ. ಬಡತನ, ವಿಮೆಯಿಲ್ಲದಿರುವಿಕೆ ಎರಡೂ ಇದ್ದರೂ ಅಮೆರಿಕದ ಹಿಸ್ಪಾನಿಕ್ ಜನರ ಸರಾಸರಿ ಆಯುಷ್ಯ ಬಹಳ ಕಾಲದಿಂದ ಬಿಳಿಯರಿಗಿಂತ ಹೆಚ್ಚು. ಗಟ್ಟಿ ಕುಟುಂಬ, ನೆರೆಹೊರೆಯ ಆಸರೆ ಇದಕ್ಕೊಂದು ಕಾರಣವಿರಬಹುದು ಎನ್ನುವ ಸಂಶೋಧಕರಿದ್ದಾರೆ. ‘ಕುಟುಂಬ’ ನಮ್ಮೊಬ್ಬರ ಸ್ವತ್ತಲ್ಲ ಎಂದಾಯಿತು. ನಮ್ಮವರ ಸಿರಿವಂತಿಕೆಯ ಒಳಗೂ ಹುಳುಕುಗಳಿವೆ. ದೇಶಕ್ಕೆ ನೂರಕ್ಕೆ ಏಳರ ಮಿತಿಯಿಂದಾಗಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತಿದ್ದಾರೆ. ಕೆಲಸ ಹೋದರೆ ಬೇರೆ ಕೆಲಸಕ್ಕೆ ಸಿಗುವುದು 60 ದಿನ. 2015ರವರೆಗೆ ಎಚ್-1ಬಿ ನೌಕರರ ಹೆಂಡತಿಯರು ಎಷ್ಟೇ ಓದಿದ್ದರೂ ಆ ವೀಸಾದ ಮೇಲೆ ದುಡಿಯುವಂತಿರಲಿಲ್ಲ. ಇನ್ನು ಸಂಸ್ಕಾರದ ಪೆಟ್ಟಿಗೆಯಲ್ಲಿ ಜಾತಿಯೂ ಹೋಗಿದೆ. 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಬೇಕಾಗಿ ಬಂದದ್ದು ಮೆಕ್ಸಿಕನ್ನರಿಂದಲ್ಲ.

‘ಹಾಗಾದರೆ ನಾವು ಕಷ್ಟಪಡಲಿಲ್ಲವೇ?’ ಎಂದು ಆ ಹಿರಿಯರು ಕೇಳಬಹುದು. ಪಟ್ಟಿದ್ದೀರಿ ಸರ್. ಎರಡು ಸೂಟ್‌ಕೇಸಿನೊಂದಿಗೆ ಇಳಿದು, ಹಿಮದಲ್ಲಿ ನಡೆದು, ಒಬ್ಬಂಟಿಯಾಗಿ ಅಡುಗೆ ಮಾಡಿಕೊಂಡು ಓದಿದ್ದೀರಿ. ಅದನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ನಿಮ್ಮ ಮನೆ ಮುಂದೆ ಹುಲ್ಲು ಕತ್ತರಿಸುವವನೂ ಕಷ್ಟಪಟ್ಟಿದ್ದಾನೆ. ಇಬ್ಬರ ಬೆವರಿಗೂ ಸಿಗುವ ಬೆಲೆ ಬೇರೆಯಾದದ್ದು ಬೆವರಿನಿಂದಲ್ಲ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನನ್ನ ಅಣ್ಣ ನನಗಿಂತ ಐದು ವರ್ಷ ದೊಡ್ಡವನು. 2010ರಲ್ಲಿ ಸಿಇಟಿ ಬರೆದ. ಅವನ ರ‍್ಯಾಂಕಿಗೆ ಸರ್ಕಾರಿ ಸೀಟು ಸಿಗಲಿಲ್ಲ, ದುಡ್ಡು ಕಟ್ಟಿ ಓದುವ ಮಾತೇ ಇರಲಿಲ್ಲ. ಅಪ್ಪನ ಜೊತೆ ಬೆಂಗಳೂರಿನ ಬಸ್ಸು ಹತ್ತಿದ. ನಾನು 2015ರಲ್ಲಿ ಬರೆದೆ. ನನ್ನ ರ‍್ಯಾಂಕು ಅವನಿಗಿಂತ ಚೆನ್ನಾಗೇನೂ ಇರಲಿಲ್ಲ. ಆದರೆ ಅಷ್ಟರಲ್ಲಿ ನಮ್ಮ ಭಾಗಕ್ಕೆ 371(ಜೆ) ಬಂದಿತ್ತು. ನನಗೆ ಸರ್ಕಾರಿ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಆಮೇಲೆ ದಾರಿ ಬದಲಿಸಿ ಅರ್ಥಶಾಸ್ತ್ರಕ್ಕೆ ಬಂದೆ. ಅಣ್ಣ ಇಂದಿಗೂ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಟೈಲ್ಸ್ ಹಾಕುತ್ತಾನೆ. ನನ್ನ ಹಾಸ್ಟೆಲ್ ಫೀಸಿನ ಬಹುಪಾಲು ಅವನ ಮಂಡಿನೋವಿನಿಂದ ಬಂದದ್ದು.

ಒಂದೇ ಮನೆ, ಒಂದೇ ತಾಯಿ, ಒಂದೇ ಸಂಸ್ಕಾರ. ನಡುವೆ ಒಂದು ಕಾಯ್ದೆ. ನಾಳೆ ಯಾರಾದರೂ ನಮ್ಮಿಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ ‘ತಮ್ಮ ಓದಿದ, ಅಣ್ಣನಿಗೆ ಛಲವಿರಲಿಲ್ಲ’ ಎಂದರೆ ನಾನು ಸುಮ್ಮನಿರುತ್ತೇನೆಯೇ? ಅವನು ಮಾತ್ರ ನಗುತ್ತಾನೆ. ‘ನಿನ್ ಟೈಮ್ ಚಲೋ ಇತ್ತು ತಮ್ಮಾ’ ಎನ್ನುತ್ತಾನೆ, ಅಷ್ಟೇ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ಬರುವ ವರ್ಷ ವೀಸಾ ಸಾಲಿನಲ್ಲಿ ನಿಲ್ಲುವವರು. ಹೋಗಿ, ಚೆನ್ನಾಗಿ ಓದಿ, ಚೆನ್ನಾಗಿ ಸಂಪಾದಿಸಿ. ಅಲ್ಲಿ ನಿಮ್ಮ ಮನೆ ಮುಂದೆ ಯಾರಾದರೂ ಹುಲ್ಲು ಕತ್ತರಿಸುತ್ತಿದ್ದರೆ ಅವರ ಊರು ಯಾವುದು, ಮಕ್ಕಳು ಏನು ಓದುತ್ತಿದ್ದಾರೆ ಎಂದು ಕೇಳಿ. ಹತ್ತು ವರ್ಷ ಬಿಟ್ಟು ಯಾವುದಾದರೂ ಕಾಲೇಜಿನಲ್ಲಿ ಭಾಷಣಕ್ಕೆ ಕರೆದರೆ, ಗೆಲುವಿನ ಗುಟ್ಟು ಹೇಳುವಾಗ ವೀಸಾದ ಹೆಸರನ್ನೂ ಹೇಳಿ. ನಾನಂತೂ ಮುಂದಿನ ಸಲ ಚಪ್ಪಾಳೆ ತಟ್ಟುವುದಿಲ್ಲ. ಎದ್ದು ನಿಂತು ಪ್ರಶ್ನೆ ಕೇಳುತ್ತೇನೆ.