ಅಟ್ಟದ ಪೆಟ್ಟಿಗೆಯ ಆಟದ ರೈಲು

ಪಿತ್ರಾರ್ಜಿತವಾದ ಸೊತ್ತಿನಲ್ಲಿ ವಿಭಾಗಕ್ಕೆ ಒಳಪಡತಕ್ಕವು ಕೆಲವು, ಒಳಪಡದಿರತಕ್ಕವು ಕೆಲವು ಎಂದು ನಮ್ಮ ಧರ್ಮಶಾಸ್ತ್ರಕಾರರು ಬಹು ಹಿಂದೆಯೇ ವಿವೇಚಿಸಿರುವರು. ಹೊಲವನ್ನು ಅಳೆದು ಹಂಚಬಹುದು. ಹೊನ್ನನ್ನು ತೂಗಿ ಹಂಚಬಹುದು. ಆದರೆ ಉಟ್ಟ ಬಟ್ಟೆ, ಏರುವ ವಾಹನ, ತೊಟ್ಟ ಒಡವೆ, ಬೆಂದ ಅನ್ನ, ಬಾವಿಯ ನೀರು ಮೊದಲಾದುವನ್ನು ಹಂಚಬಾರದೆಂದು ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ವಿಧಿಸುತ್ತದೆ. ಇದರಲ್ಲಿ ಅಡಗಿರುವ ಯುಕ್ತಿಯನ್ನು ನಾವು ಹೀಗೆ ತಿಳಿಯುತ್ತೇವೆ: ಒಡೆದರೆ ಕೆಡುವ ವಸ್ತುವನ್ನು ಒಡೆದು ಕೊಟ್ಟರೆ ಯಾರಿಗೂ ಏನೂ ದಕ್ಕಿದಂತಾಗುವುದಿಲ್ಲ. ಈ ತಿಂಗಳು ಅಂತಹ ಒಂದು ವಸ್ತುವನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಲಿಚ್ಛಿಸುತ್ತೇವೆ. ಅದೂ ಒಂದು ವಾಹನವೇ; ಆದರೆ ಏರಲು ಬಾರದ ವಾಹನ. ತಾತನ ಕಾಲದಿಂದ ಅಟ್ಟದ ಮೇಲೆ ಧೂಳು ಹಿಡಿದು ಕುಳಿತಿರುವ ಆಟದ ರೈಲು.

ಆಟಿಕೆಯ ವಿಚಾರಕ್ಕೆ ಇಷ್ಟು ಪೀಠಿಕೆಯೇ ಎಂದು ಯಾರಾದರೂ ನಕ್ಕಾರು. ಮಣ್ಣಿನ ಬಂಡಿ ಬೇಡ, ಚಿನ್ನದ ಬಂಡಿಯೇ ಬೇಕೆಂದು ಅತ್ತ ಒಬ್ಬ ಬಾಲಕನಿಂದಲೇ ಶೂದ್ರಕನ ನಾಟಕಕ್ಕೆ ಮೃಚ್ಛಕಟಿಕವೆಂಬ ಹೆಸರು ಬಂದಿತೆಂಬುದನ್ನು ಅವರು ನೆನೆಯಲಿ. ಮಕ್ಕಳ ಬಂಡಿ ಸಣ್ಣದಾದರೂ ಅದರ ಸುತ್ತ ಸುತ್ತುವ ಸ್ನೇಹ, ಆಶೆ, ಮತ್ಸರಗಳು ಸಣ್ಣವಲ್ಲ.

ಈ ರೈಲುಗಳ ಹುಟ್ಟೂರು ನಮ್ಮ ದೇಶವಲ್ಲ. ಜರ್ಮನಿಯ ಗೊಪ್ಪಿಂಗೆನ್ ಎಂಬ ಊರಿನಲ್ಲಿ 1859ರಲ್ಲಿ ಆರಂಭವಾದ ಮೆರ್ಕ್ಲಿನ್ ಸಂಸ್ಥೆಯವರು ಮೊದಲು ಗೊಂಬೆಮನೆಗೆ ಬೇಕಾದ ತಗಡಿನ ಪಾತ್ರೆಪದಾರ್ಥಗಳನ್ನು ಮಾಡುತ್ತಿದ್ದರು. 1891ರಲ್ಲಿ ಲೈಪ್ಜಿಗ್ ನಗರದ ಜಾತ್ರೆಯಲ್ಲಿ ಅವರು ಚಾವಿ ಕೊಟ್ಟರೆ ಓಡುವ ರೈಲನ್ನು ತೋರಿಸಿ, ಹಳಿಗಳ ಅಗಲಕ್ಕೆ ಗೊತ್ತಾದ ಅಳತೆಗಳನ್ನು ನಿಯಮಿಸಿದರು. ಇದರಿಂದ ಈ ವರ್ಷ ಒಂದು ಗಾಡಿ, ಮುಂದಿನ ವರ್ಷ ನಾಲ್ಕು ಹಳಿ ಎಂದು ಒಂದೇ ರೈಲನ್ನು ಬೆಳೆಯಿಸಿಕೊಂಡು ಹೋಗುವುದು ಸಾಧ್ಯವಾಯಿತು. ನ್ಯೂರೆಂಬರ್ಗಿನ ಬಿಂಗ್ ಸಹೋದರರ ಕಾರ್ಖಾನೆಯೂ ಇದೇ ಕೆಲಸದಲ್ಲಿ ಹೆಸರಾಗಿ, 1930ರ ದಶಕದ ಮೊದಲ ವರ್ಷಗಳಲ್ಲಿ ನಿಂತುಹೋಯಿತು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ, 1901ರಲ್ಲಿ ಮೆಕ್ಯಾನೋ ಎಂದು ಮುಂದೆ ಪ್ರಸಿದ್ಧವಾದ ಜೋಡಣೆಯ ಆಟಿಕೆಗೆ ಹಕ್ಕುಪತ್ರ ಪಡೆದ ಫ್ರಾಂಕ್ ಹಾರ್ನ್‌ಬಿ ಎಂಬವರು 1920ರಲ್ಲಿ ತಮ್ಮ ಹೆಸರಿನ ರೈಲುಗಳನ್ನು ಹೊರತಂದರು. ನಮ್ಮ ನಾಡಿನಲ್ಲಿ ಇವು ಮನೆಮನೆಗೂ ಬಂದ ಸಾಮಾನುಗಳಲ್ಲ. ಅನುಕೂಲಸ್ಥರ ಮನೆಗಳಲ್ಲಿ, ವ್ಯಾಸಂಗಕ್ಕಾಗಿ ಸಮುದ್ರದಾಚೆ ಹೋಗಿಬಂದವರ ಟ್ರಂಕುಗಳಲ್ಲಿ, ಊರು ಬಿಟ್ಟು ಹೊರಟ ದೊರೆಗಳಿಂದ ಕೊಂಡ ಸಾಮಾನುಗಳ ನಡುವೆ ಇವು ಅಲ್ಲೊಂದು ಇಲ್ಲೊಂದು ಉಳಿದುಕೊಂಡಿರುವುದುಂಟು.

ಇಂತಹ ಪೆಟ್ಟಿಗೆ ಕೈಗೆ ಬಂದಾಗ ಇದು ಯಾವುದು, ಯಾವ ಕಾಲದ್ದು ಎಂದು ನಿರ್ಣಯಿಸುವುದು ಹೇಗೆ? ನ್ಯಾಯಶಾಸ್ತ್ರದವರು ಹೇಳುವ ನಾಲ್ಕು ಪ್ರಮಾಣಗಳೇ ಇಲ್ಲಿಯೂ ಸಾಕು.

ಮೊದಲನೆಯದು ಪ್ರತ್ಯಕ್ಷ. ಒಂದು ಅಳತೆಪಟ್ಟಿಯನ್ನು ತೆಗೆದುಕೊಂಡು ಎರಡು ಹಳಿಗಳ ಒಳಮೈಗಳ ನಡುವಣ ಅಂತರವನ್ನು ಅಳೆಯಿರಿ. ಅದು 45 ಮಿಲಿಮೀಟರ್ ಇದ್ದರೆ ಒಂದನೆಯ ಸಂಖ್ಯೆಯ ಅಳತೆ. 32 ಇದ್ದರೆ ಸೊನ್ನೆಯ ಅಳತೆ. ಹದಿನಾರೂವರೆ ಇದ್ದರೆ, ಊಟದ ಮೇಜಿನ ಮೇಲೆ ಹಿಡಿಸುವ ಕಿರಿಯ ಅಳತೆ. ತರುವಾಯ ಇಂಜಿನನ್ನು ಮಗುಚಿ ನೋಡಿರಿ. ಪಕ್ಕದಲ್ಲಿ ಚಾವಿಯ ತೂತಿದ್ದರೆ ಅದು ಸ್ಪ್ರಿಂಗಿನಿಂದ ಓಡತಕ್ಕದ್ದು. ಹೊಟ್ಟೆಯ ಕೆಳಗೆ ನಡುಹಳಿಯನ್ನು ಸವರುವ ಲೋಹದ ಪಟ್ಟಿಯೋ ಉರುಳೆಯೋ ಇದ್ದರೆ ವಿದ್ಯುತ್ತಿನಿಂದ ಓಡತಕ್ಕದ್ದು. ನೀರಿನ ಕೊಪ್ಪರಿಗೆಯೂ ಸ್ಪಿರಿಟ್ ದೀಪವೂ ಇದ್ದರೆ ನಿಜವಾದ ಉಗಿಯಿಂದ ನಡೆಯತಕ್ಕದ್ದು. ತಗಡಿನ ಕಿವಿಗಳನ್ನು ಸಂದಿಯಲ್ಲಿ ತೂರಿಸಿ ಮಡಿಸಿರುವರೋ, ತಿರುಪು ಮೊಳೆಗಳಿಂದ ಬಿಗಿದಿರುವರೋ, ಎರಕ ಹೊಯ್ದಿರುವರೋ ಎಂಬುದನ್ನೂ ಗಮನಿಸಬೇಕು. 1920ರ ಹಾರ್ನ್‌ಬಿ ರೈಲುಗಳು ತಿರುಪು ಬಿಚ್ಚಿ ಮತ್ತೆ ಜೋಡಿಸುವಂತಿದ್ದುವು. 1938ರಲ್ಲಿ ಹೊರಬಂದ ಹಾರ್ನ್‌ಬಿ ಡಬ್ಲೋ ಎಂಬ ಕಿರಿಯ ಅಳತೆಯ ಇಂಜಿನುಗಳು ಎರಕದವು.

ಎರಡನೆಯದು ಶಬ್ದ, ಎಂದರೆ ವಸ್ತುವಿನ ಮೇಲೆಯೇ ಇರುವ ಅಕ್ಷರ. ಬಿಂಗ್ ಸಹೋದರರು ಜಿ. ಬಿ. ಎನ್. ಎಂಬ ಮೂರಕ್ಷರಗಳನ್ನು ಹಾಕುತ್ತಿದ್ದರು. ಮೊದಲನೆಯ ಮಹಾಯುದ್ಧವಾದ ಮೇಲೆ ಬಿ. ಡಬ್ಲ್ಯೂ. ಎಂದು ಬದಲಾಯಿಸಿದರು. ಮೆರ್ಕ್ಲಿನ್ ಅವರದು ಜಿ. ಮತ್ತು ಎಂ. ಅಕ್ಷರಗಳ ಹೆಣಿಗೆ. ಮೆಕ್ಯಾನೋ ಲಿಮಿಟೆಡ್, ಲಿವರ್‌ಪೂಲ್ ಎಂದಿದ್ದರೆ ಹಾರ್ನ್‌ಬಿಯವರದು. ಅಕ್ಷರವು ಗಾಡಿಯ ಅಡಿಯಲ್ಲಿಯೋ ಇಂಜಿನಿನ ಪಕ್ಕದಲ್ಲಿಯೋ ಎಲ್ಲಾದರೂ ಇರಬಹುದು. ಭೂತಗನ್ನಡಿ ಹಿಡಿದು ನಿಧಾನವಾಗಿ ಹುಡುಕಬೇಕು.

ಮೂರನೆಯದು ಅನುಮಾನ. ಇಂಗ್ಲೆಂಡಿನಲ್ಲಿ 1923ರಲ್ಲಿ ಬಹುಸಂಖ್ಯೆಯ ರೈಲ್ವೆ ಕಂಪೆನಿಗಳನ್ನು ಕೂಡಿಸಿ ನಾಲ್ಕು ದೊಡ್ಡ ಕಂಪೆನಿಗಳನ್ನು ಮಾಡಿದರು. 1948ರಲ್ಲಿ ಆ ನಾಲ್ಕೂ ಸರಕಾರದ ಒಡೆತನಕ್ಕೆ ಬಂದು ಬ್ರಿಟಿಷ್ ರೈಲ್ವೇಸ್ ಎಂದಾದುವು. ಆದಕಾರಣ ಗಾಡಿಯ ಮೇಲೆ ಎಲ್. ಎಂ. ಎಸ್. ಎಂದೋ ಎಲ್. ಎನ್. ಇ. ಆರ್. ಎಂದೋ ಇದ್ದರೆ ಅದು 1923ಕ್ಕೆ ಹಿಂದಿನದಲ್ಲ. ಗ್ರೇಟ್ ವೆಸ್ಟರ್ನ್ ಎಂಬ ಹೆಸರು ಮಾತ್ರ ಮುಂಚಿನಿಂದಲೂ ಇದ್ದುದರಿಂದ ಅದಕ್ಕೆ ಈ ಅನುಮಾನವು ಸಲ್ಲದು. ಇನ್ನೊಂದು ಎಚ್ಚರಿಕೆ: ಹಳೆಯ ಕಂಪೆನಿಯ ಹೆಸರಿದ್ದ ಮಾತ್ರಕ್ಕೆ ಅದು 1948ಕ್ಕೆ ಹಿಂದಿನದೇ ಎಂದು ಸಾಧಿಸಲಾಗದು, ಆಟಿಕೆಗಳ ಮೇಲೆ ಆ ಹೆಸರುಗಳು ಆಮೇಲೆಯೂ ಕೆಲವು ಕಾಲ ಉಳಿದಿದ್ದುವು. ಹಾಗೆಯೇ ಅಮೆರಿಕನರ ವಶದಲ್ಲಿದ್ದ ಜರ್ಮನಿ ಎಂಬ ಅರ್ಥದಲ್ಲಿ ಯು. ಎಸ್. ಝೋನ್ ಎಂದಿದ್ದರೆ ಅದು ಎರಡನೆಯ ಮಹಾಯುದ್ಧವಾದ ಮೇಲಣ ಕೆಲವೇ ವರ್ಷಗಳದು. ಹೇತುವು ಎಷ್ಟನ್ನು ಸಾಧಿಸಬಲ್ಲುದೋ ಅಷ್ಟನ್ನೇ ಒಪ್ಪಬೇಕು, ಆಶೆಯು ಹೇತುವಾಗಬಾರದು.

ನಾಲ್ಕನೆಯದು ಉಪಮಾನ. ಹಳೆಯ ಬೆಲೆಪಟ್ಟಿಗಳ ಚಿತ್ರಗಳೊಡನೆಯೂ ಇತರರ ಸಂಗ್ರಹದಲ್ಲಿರುವ ವಸ್ತುಗಳೊಡನೆಯೂ ಹೋಲಿಸಿ ನೋಡಬೇಕು. ಹಳೆಯ ಮಾದರಿಯನ್ನೇ ಅನುಸರಿಸಿ ಈಚೆಗೆ ಮಾಡಿದ ರೈಲುಗಳೂ, ಹಳೆಯದಕ್ಕೇ ಹೊಸ ಬಣ್ಣ ಬಳಿದವೂ ಇರುವುದರಿಂದ, ಈ ಹೋಲಿಕೆಯಿಲ್ಲದೆ ತೀರ್ಮಾನಕ್ಕೆ ಬರಬಾರದು.

ಕೆಲವು ತಿಂಗಳ ಹಿಂದೆ ನಮ್ಮ ವಾಚಕಿಯರಲ್ಲೊಬ್ಬರು ಒಂದು ಕಾಗದವನ್ನು ಬರೆದಿದ್ದರು. ಅವರ ತಂದೆಯವರು ತೀರಿಕೊಂಡ ಮೇಲೆ ಮನೆಯ ಸಾಮಾನುಗಳನ್ನು ಹಂಚಿಕೊಂಡಾಗ ಆಟದ ರೈಲೂ ಪಾಲಾಯಿತಂತೆ. ಹಿರಿಯಣ್ಣನಿಗೆ ಇಂಜಿನು, ಎರಡನೆಯವನಿಗೆ ಗಾಡಿಗಳು, ಕಿರಿಯವನಿಗೆ ಹಳಿಗಳು. ಹುಡುಗಿಗೆ ರೈಲೇತಕ್ಕೆ ಎಂದು ಖಾಲಿ ರಟ್ಟಿನ ಪೆಟ್ಟಿಗೆಯನ್ನು ಆಕೆಗೆ ಬಿಟ್ಟರು. ತಂದೆಯವರ ಜೊತೆ ಭಾನುವಾರ ಭಾನುವಾರ ನಡುಮನೆಯಲ್ಲಿ ಹಳಿ ಜೋಡಿಸುತ್ತಿದ್ದವಳು ತಾನೊಬ್ಬಳೇ ಎಂದು ಆಕೆ ಒಂದೇ ಸಾಲಿನಲ್ಲಿ ಬರೆದು, ಈ ಪೆಟ್ಟಿಗೆಯನ್ನು ಇಟ್ಟುಕೊಳ್ಳಲೋ ಒಲೆಗೆ ಹಾಕಲೋ ಎಂದು ಕೇಳಿದ್ದರು.

ಆ ಸೋದರಿಗೆ ನಾವು ಕೊಟ್ಟ ಉತ್ತರವನ್ನು ಎಲ್ಲರಿಗೂ ತಿಳಿಸುವುದು ಯುಕ್ತವೆಂದು ತೋರುತ್ತದೆ. ಪೆಟ್ಟಿಗೆಯನ್ನು ಸುಡಬೇಡಿರಿ. ಇಂತಹ ಪೆಟ್ಟಿಗೆಯ ಬದಿಯ ಚೀಟಿಯಲ್ಲಿ ಸಾಮಾನಿನ ಹೆಸರೂ ಸಂಖ್ಯೆಯೂ ಇರುವುದು ವಾಡಿಕೆ; ಯಾವುದು ಯಾವುದರೊಡನೆ ಸೇರಿದ್ದಿತೆಂಬುದಕ್ಕೆ ಅದಕ್ಕಿಂತ ಪ್ರಬಲವಾದ ಸಾಕ್ಷ್ಯವಿಲ್ಲ. ಮಕ್ಕಳು ಮೊದಲು ಎಸೆಯುವುದೇ ಪೆಟ್ಟಿಗೆಯನ್ನಾದ್ದರಿಂದ, ಉಳಿದುಬಂದ ಪೆಟ್ಟಿಗೆಗೆ ಸಂಗ್ರಹಕಾರರಲ್ಲಿ ವಿಶೇಷವಾದ ಮರ್ಯಾದೆಯುಂಟು. ಹಳಿಯಿಲ್ಲದ ಇಂಜಿನು ಓಡದು. ಇಂಜಿನಿಲ್ಲದ ಗಾಡಿ ಚಲಿಸದು. ಮೂವರು ಅಣ್ಣತಮ್ಮಂದಿರ ಕೈಯಲ್ಲಿ ಈಗ ಮೂರು ತುಂಡುಗಳಿರುವುವೇ ಹೊರತು ಒಂದು ರೈಲಿಲ್ಲ. ನಾಲ್ವರೂ ಒಂದೆಡೆ ಕುಳಿತು, ತುಂಡುಗಳನ್ನು ಮತ್ತೆ ಆ ಪೆಟ್ಟಿಗೆಗೆ ಸೇರಿಸಿ, ಒಬ್ಬರ ವಶದಲ್ಲಿಟ್ಟು, ಉಳಿದವರಿಗೆ ಬೇರೆ ಯಾವುದಾದರೂ ವಸ್ತುವಿನಿಂದ ಸಮಮಾಡುವುದೇ ನ್ಯಾಯ. ಯಾರ ವಶದಲ್ಲಿ ಎಂದರೆ, ಅದನ್ನು ಬಲ್ಲವರ, ಪ್ರೀತಿಸಿದವರ ವಶದಲ್ಲಿ ಎಂಬುದೇ ನಮ್ಮ ಅಭಿಪ್ರಾಯ. ಹೆಣ್ಣುಮಗಳೆಂಬುದು ಇಲ್ಲಿ ಅಡ್ಡಿಯಾಗಲಾಗದು.

ಇನ್ನು ಸಂರಕ್ಷಣೆ. ಹಿತ್ತಾಳೆಯ ಪಾತ್ರೆಗೆ ಮಾಡುವಂತೆ ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕಿದರೆ ಬಣ್ಣವೂ ಅಕ್ಷರವೂ ಹೋಗಿ, ಕಾಲವನ್ನು ಹೇಳುವ ಸಾಕ್ಷಿಯೇ ಅಳಿದುಹೋಗುವುದು. ಮೃದುವಾದ ಕುಂಚದಿಂದ ಧೂಳು ಕೊಡವಿದರೆ ಸಾಕು. ಚಕ್ರದ ಅಚ್ಚುಗಳಿಗೆ ಮಾತ್ರ ಒಂದು ಹನಿ ತೆಳುವಾದ ಎಣ್ಣೆ. ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿಡಬಾರದು, ಆ ಕಾಗದದಲ್ಲಿ ಆಮ್ಲವಿರುತ್ತದೆ. ಒಗೆದು ಒಣಗಿಸಿದ ಹತ್ತಿಯ ಬಟ್ಟೆ ಮೇಲು. ಮಳೆಗಾಲದಲ್ಲಿ ತೇವ ಹಿಡಿಯುವ ಅಟ್ಟದಿಂದ ಇಳಿಸಿ ಒಣಗಿದ ಬೀರುವಿನಲ್ಲಿಡಬೇಕು. ಸತುವಿನ ಎರಕದ ಭಾಗಗಳಲ್ಲಿ ಕೂದಲೆಳೆಯಂತಹ ಬಿರುಕುಗಳು ಕಂಡರೆ ಅದಕ್ಕೆ ಕಾರಣ, ಎರಕ ಹೊಯ್ಯುವಾಗಲೇ ಸತುವಿನಲ್ಲಿ ಸೇರಿಹೋದ ಸೀಸವೇ ಮೊದಲಾದ ಕಲ್ಮಷ. ಅದು ಒಳಗಿನಿಂದಲೇ ಲೋಹವನ್ನು ಉಬ್ಬಿಸಿ ಪುಡಿಮಾಡುತ್ತದೆ. ಅದಕ್ಕೆ ಮದ್ದಿಲ್ಲ, ತೇವವನ್ನೂ ಶಾಖವನ್ನೂ ದೂರವಿಟ್ಟು ಆಯುಸ್ಸನ್ನು ಹೆಚ್ಚಿಸಬಹುದು, ಅಷ್ಟೆ.

ಗೃಹಸ್ಥರು ಮರೆಯಬಾರದ ಎರಡು ಅಪಾಯಗಳುಂಟು. ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವವು ಹೆಚ್ಚಾದ್ದರಿಂದ, ಸಿಕ್ಕಿದ್ದನ್ನು ಬಾಯಿಗಿಡುವ ಕೂಸುಗಳ ಕೈಗೆ ಇವನ್ನು ಕೊಡಕೂಡದು. ಹಳೆಯ ವಿದ್ಯುತ್ ರೈಲನ್ನು ಗೋಡೆಯ ವಿದ್ಯುತ್ತಿಗೆ ಜೋಡಿಸಲೂ ಕೂಡದು. 1920ರ ದಶಕದಲ್ಲಿ ಮನೆಯ ವಿದ್ಯುತ್ತನ್ನೇ ಒಂದು ದೀಪದ ಮೂಲಕ ಹಳಿಗೆ ಬಿಡುವ ರೈಲುಗಳಿದ್ದುವು. ಅಂತಹ ಹಳಿಯನ್ನು ಮುಟ್ಟಿದ ಮಗುವಿನ ಪ್ರಾಣಕ್ಕೇ ಅಪಾಯ. ತಂತಿಯ ಮೇಲಿನ ರಬ್ಬರೂ ಇಷ್ಟು ವರ್ಷಗಳಲ್ಲಿ ಪುಡಿಯಾಗಿರುತ್ತದೆ. ಬಲ್ಲ ಕುಶಲಕರ್ಮಿಯು ನೋಡಿ ಒಪ್ಪುವವರೆಗೆ ಅದು ನೋಡುವ ವಸ್ತುವಾಗಿಯೇ ಇರಲಿ.

ಮಾರಲೇಬೇಕಾಗಿ ಬಂದವರು ಗುಜರಿಯವನಿಗೆ ತೂಕಕ್ಕೆ ಹಾಕುವ ಮೊದಲು, ಪ್ರತಿಯೊಂದು ಭಾಗದ ಛಾಯಾಚಿತ್ರ ತೆಗೆಯಿಸಿ, ಪಟ್ಟಿ ಬರೆದು, ಬಲ್ಲವರಿಬ್ಬರನ್ನಾದರೂ ಕೇಳಬೇಕು. ಹಳೆಯದೆಂದ ಮಾತ್ರಕ್ಕೆ ಬೆಲೆ ಬಾರದು. ಲಕ್ಷಗಟ್ಟಲೆಯಾಗಿ ತಯಾರಾದ ಅಗ್ಗದ ರೈಲುಗಳು ಇಂದಿಗೂ ಬೇಕಾದಷ್ಟಿವೆ. ವಿರಳತೆ, ಸುಸ್ಥಿತಿ, ಪೂರ್ಣತೆ ಇವು ಮೂರು ಕೂಡಿದಲ್ಲಿ ಬೆಲೆ. ನೂರು ವರ್ಷ ದಾಟಿದ ವಸ್ತುವಾಗಿದ್ದರೆ, ಪರದೇಶಕ್ಕೆ ಕಳುಹಿಸುವ ಮೊದಲು 1972ರ ಪ್ರಾಚ್ಯವಸ್ತುಗಳ ಕಾಯಿದೆಯು ಅದಕ್ಕೆ ಅನ್ವಯಿಸುವುದೇ ಎಂದು ಪುರಾತತ್ತ್ವ ಇಲಾಖೆಯವರನ್ನು ವಿಚಾರಿಸಿಕೊಳ್ಳಬೇಕು.

ಕಡೆಯದಾಗಿ ಒಂದು ಮಾತು. ಅಳತೆಪಟ್ಟಿಯೂ ಭೂತಗನ್ನಡಿಯೂ ಕಾರ್ಖಾನೆಯ ಹೆಸರನ್ನು ಹೇಳಬಲ್ಲುವು. ಈ ರೈಲನ್ನು ಯಾರು ತಂದರು, ಯಾರಿಗಾಗಿ ತಂದರು ಎಂಬುದನ್ನು ಹೇಳಲಾರವು. ಅದನ್ನು ಬಲ್ಲವರು ಮನೆಯ ವೃದ್ಧರು ಮಾತ್ರ. ಅವರು ಇರುವಾಗಲೇ ಹತ್ತಿರ ಕುಳಿತು ಕೇಳಿ, ದಿನಾಂಕ ಹಾಕಿ, ಒಂದು ಕಾಗದದಲ್ಲಿ ಬರೆದು, ಪೆಟ್ಟಿಗೆಯೊಳಗೇ ಇಟ್ಟುಬಿಡಿರಿ. ಮುಂದೆ ಪಾಲು ಮಾಡುವವರು ಪೆಟ್ಟಿಗೆಯನ್ನು ತೆರೆದಾಗ ಮೊದಲು ಆ ಕಾಗದವೇ ಅವರ ಕೈಗೆ ಸಿಕ್ಕಲಿ.