ವಿಮಾನದ ಆಪತ್ತೂ ಮನುಷ್ಯನ ದಯೆಯೂ

ವಿಮಾನಗಳಿಗೆ ಒದಗಿದ ಆಪತ್ತನ್ನು ತೋರಿಸುವ ಚಲಚ್ಚಿತ್ರಗಳು ಕೇವಲ ಭಯವನ್ನು ಮಾರುವ ಆಟಗಳೆಂದು ಕೆಲವು ತಾಯ್ತಂದೆಗಳು ಆಕ್ಷೇಪಿಸುವುದುಂಟು. ಇದನ್ನು ನಾವು ಪೂರ್ಣವಾಗಿ ಒಪ್ಪಲಾರೆವು. ಒಬ್ಬರ ಹೆಸರನ್ನೊಬ್ಬರು ಅರಿಯದ ಜನರು ಒಂದೆಡೆ ಸಿಕ್ಕಿಕೊಂಡು ಮೃತ್ಯುವನ್ನು ಇದಿರಿಸುವಾಗ ಒಬ್ಬರು ಮತ್ತೊಬ್ಬರಿಗೆ ಏನಾಗುವರೆಂಬ ಪ್ರಶ್ನೆಯನ್ನು ಅವು ನಮ್ಮ ಮುಂದಿಡುತ್ತವೆ. ಅದು ಸಣ್ಣ ಪ್ರಶ್ನೆಯಲ್ಲ. ಆದರೆ ಅವು ಕೊಡುವ ಉತ್ತರವು ಪೂರ್ಣ ಸತ್ಯವೇ ಎಂಬುದನ್ನು ವಿಚಾರಿಸತಕ್ಕದ್ದು.

1986ನೆಯ ಇಸವಿ ಸೆಪ್ಟೆಂಬರ್ 5ರಂದು, ಮುಂಬಯಿಯಿಂದ ಹೊರಟು ಕರಾಚಿಯಲ್ಲಿ ತಂಗಿದ್ದ ಪ್ಯಾನ್ ಆಮ್ ವಿಮಾನವನ್ನು ನಾಲ್ವರು ಶಸ್ತ್ರಧಾರಿಗಳು ವಶಪಡಿಸಿಕೊಂಡರು. ಪರಿಚಾರಿಕೆಯರ ಎಚ್ಚರಿಕೆಯಿಂದ ಚಾಲಕರು ತಪ್ಪಿಸಿಕೊಂಡುದರಿಂದ ವಿಮಾನವು ಮೇಲೇಳಲಾರದೆ ನಿಂತಿತು. ಪಾಸ್‌ಪೋರ್ಟುಗಳನ್ನು ಕೂಡಿಸಿ ತರುವಂತೆ ಅಪ್ಪಣೆಯಾದಾಗ, ಅಮೆರಿಕದವರ ಜೀವಕ್ಕೆ ಅಪಾಯವುಂಟೆಂದು ಅರಿತ ಪರಿಚಾರಿಕೆಯರು ಅವರ ಪಾಸ್‌ಪೋರ್ಟುಗಳನ್ನು ಬಚ್ಚಿಟ್ಟರು. ಸುಮಾರು 17 ಗಂಟೆಗಳ ತರುವಾಯ ಗುಂಡಿನ ಮಳೆ ಸುರಿದಾಗ, ಅವರ ಮುಖ್ಯಸ್ಥೆಯಾದ ನೀರಜಾ ಭಾನೋಟ್ ಪ್ರಯಾಣಿಕರನ್ನು ಹೊರಗೆ ಕಳುಹಿಸುವ ಯತ್ನದಲ್ಲಿ ಪ್ರಾಣವನ್ನಿತ್ತಳು. ಆಕೆಗೆ 23 ವರುಷ ತುಂಬಲು ಇನ್ನೆರಡು ದಿನ ಉಳಿದಿದ್ದುವು. ಅಶೋಕ ಚಕ್ರವನ್ನು ಪಡೆದ ಸ್ತ್ರೀಯರಲ್ಲಿ ಆಕೆಯೇ ಮೊದಲಿಗಳು.

2016ರಲ್ಲಿ ತೆರೆಗೆ ಬಂದ ‘ನೀರ್ಜಾ’ ಚಿತ್ರವು ಈ ಚರಿತ್ರೆಯನ್ನು ಹೇಳುತ್ತದೆ. ಅದರ ದೊಡ್ಡ ಗುಣವೇನೆಂದರೆ, ಕಥಾನಾಯಕಿಯ ಭಯವನ್ನು ಅದು ಮರೆಮಾಡುವುದಿಲ್ಲ. ನಡುಗುವ ಕೈಗಳಿಂದಲೇ ಆಕೆ ಇತರರನ್ನು ಸಂತೈಸುತ್ತಾಳೆ. ಭಯವಿಲ್ಲದವರಿಗೆ ಧೈರ್ಯದ ಅಗತ್ಯವೇ ಇಲ್ಲವೆಂಬುದನ್ನು ನಮ್ಮ ಬಾಲಿಕೆಯರು ಇಲ್ಲಿ ಕಲಿಯಬಹುದು. ಆದರೆ ಆಕೆಯ ಸಂಗಡ ದುಡಿದ ಬೇರೆ ಪರಿಚಾರಿಕೆಯರು ಚಿತ್ರದಲ್ಲಿ ನೆರಳಿಗೆ ಸರಿದುಹೋಗಿದ್ದಾರೆ. ಅವರೂ ಪಾಸ್‌ಪೋರ್ಟುಗಳನ್ನು ಅಡಗಿಸಿದರು, ಅವರೂ ಪ್ರಯಾಣಿಕರನ್ನು ಪಾರುಮಾಡಿದರು. ಒಬ್ಬಳ ಕೀರ್ತಿಯನ್ನು ಬೆಳಗಿಸಲು ಉಳಿದವರ ದೀಪಗಳನ್ನು ಆರಿಸಬೇಕಾದುದಿಲ್ಲ.

ಅದೇ ವರುಷ ಅಮೆರಿಕದಲ್ಲಿ ಕ್ಲಿಂಟ್ ಈಸ್ಟ್‌ವುಡ್ಡರು ನಿರ್ದೇಶಿಸಿದ ‘ಸಲ್ಲಿ’ ಚಿತ್ರವೂ ಹೊರಬಂತು. 2009ನೆಯ ಇಸವಿ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಕ್ಕಿಗಳ ಹಿಂಡು ತಾಗಿ ಎರಡು ಯಂತ್ರಗಳೂ ಶಕ್ತಿಗುಂದಿದ ವಿಮಾನವನ್ನು ಚಾಲಕನು ಹಡ್ಸನ್ ನದಿಯ ಮೇಲೆ ಇಳಿಸಿದನು. ವಿಮಾನದಲ್ಲಿದ್ದ 155 ಮಂದಿಯೂ ಬದುಕಿದರು. ತಣ್ಣನೆಯ ನೀರಿನ ನಡುವೆ ರೆಕ್ಕೆಗಳ ಮೇಲೆ ನಿಂತವರ ಬಳಿಗೆ ದಿನದಿನವೂ ಜನರನ್ನು ದಾಟಿಸುವ ದೋಣಿಗಳವರು ಕೆಲವೇ ನಿಮಿಷಗಳಲ್ಲಿ ಬಂದು ಸೇರಿದರು. ಇದನ್ನು ಚಿತ್ರವು ಚೆನ್ನಾಗಿ ತೋರಿಸುತ್ತದೆ. ಆದರೆ ಕಥೆಗೆ ಒಬ್ಬ ಖಳನು ಬೇಕಾದುದರಿಂದ, ಅಪಘಾತದ ಕಾರಣವನ್ನು ವಿಚಾರಿಸಿದ ಅಧಿಕಾರಿಗಳನ್ನು ಚಾಲಕನ ವೈರಿಗಳಂತೆ ಚಿತ್ರಿಸಲಾಗಿದೆ. ವಾಸ್ತವವಾಗಿ ಆ ವಿಚಾರಣೆಯು ನದಿಗೆ ಇಳಿಸಿದ ಆತನ ನಿರ್ಧಾರವನ್ನು ಸಮರ್ಥಿಸಿತು. ಮುಂದೆ ಹಾರುವವರ ಪ್ರಾಣ ಉಳಿಯಲೆಂದು ಕಠಿಣ ಪ್ರಶ್ನೆಗಳನ್ನು ಕೇಳುವುದೂ ದಯೆಯ ಒಂದು ರೂಪವೇ ಅಲ್ಲವೇ?

ವೀರತನವು ಒಬ್ಬರ ಎದೆಯಲ್ಲಿ ಒಂದು ಗಳಿಗೆಯಲ್ಲಿ ಹುಟ್ಟುವುದೆಂಬ ಭಾವನೆಯನ್ನು ಇಂಥ ಚಿತ್ರಗಳು ಬಿತ್ತುತ್ತವೆ. ಇದು ಪೂರ್ಣ ಸತ್ಯವಲ್ಲವೆಂದು ನಮ್ಮ ದೃಢವಾದ ಅಭಿಪ್ರಾಯ. ಬಾಗಿಲನ್ನು ಹೇಗೆ ತೆರೆಯಬೇಕು, ಗಾಬರಿಗೊಂಡವರಿಗೆ ಯಾವ ಮಾತು ಹೇಳಬೇಕು ಎಂಬುದನ್ನು ಆ ಪರಿಚಾರಿಕೆಯರು ಆಪತ್ತಿಲ್ಲದ ದಿನಗಳಲ್ಲಿಯೇ ಅಭ್ಯಾಸಮಾಡಿದ್ದರು. ನಮ್ಮ ಶಾಲೆಯನ್ನು ಬಿಟ್ಟುಹೋಗಿ ದಾದಿಯರಾಗಿ, ಉಪಾಧ್ಯಾಯಿನಿಯರಾಗಿ, ಗೃಹಿಣಿಯರಾಗಿ ದುಡಿಯುತ್ತಿರುವ ಸೋದರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಯಾರೂ ನೋಡದಿರುವಾಗ ಕೆಲಸವನ್ನು ನೆಟ್ಟಗೆ ಮಾಡಿದ ಕೈಯೇ ಆಪತ್ಕಾಲದಲ್ಲಿ ನೆರವಿಗೆ ಬರುತ್ತದೆ.

ಆದುದರಿಂದ ತಾಯ್ತಂದೆಗಳು ಇಂಥ ಚಿತ್ರಗಳನ್ನು ನಿಷೇಧಿಸದೆ ಮಕ್ಕಳ ಸಂಗಡ ಕುಳಿತು ನೋಡಲೆಂದು ನಾವು ಕೋರುತ್ತೇವೆ. ಮನೆಗೆ ಬಂದ ಮೇಲೆ ನಾಯಕನ ಗುಣಗಾನವನ್ನು ಧಾರಾಳವಾಗಿ ಮಾಡಲಿ. ಆಮೇಲೆ, “ಅಲ್ಲಿ ಇನ್ನೂ ಯಾರು ಯಾರು ನೆರವಾದರು?” ಎಂದು ತಪ್ಪದೆ ಕೇಳಲಿ.