ಮುಖವಿಲ್ಲದ ನಟ, ಮರೆಯಲಾಗದ ಧ್ವನಿ

ಚಿತ್ರನಟನನ್ನು ಜನರು ಮುಖದಿಂದ ಗುರುತಿಸುತ್ತಾರೆ. ರಂಗನಟನನ್ನು ಅವನ ನಿಲುವಿನಿಂದ, ನಡೆಯಿಂದ ಗುರುತಿಸುತ್ತಾರೆ. ಬಾನುಲಿಯ ನಟನಿಗೆ ಈ ಎರಡು ಭಾಗ್ಯಗಳೂ ಇಲ್ಲ. ಅವನು ಗಾಂಧಿ ಬಜಾರಿನಲ್ಲಿ ಚೀಲ ಹಿಡಿದು ನಡೆದರೆ ಯಾರೂ ತಿರುಗಿ ನೋಡುವುದಿಲ್ಲ. ಸೊಪ್ಪಿನ ಬೆಲೆ ಕೇಳಲು ಬಾಯಿ ತೆರೆದಾಗ ಮಾತ್ರ ಪಕ್ಕದಲ್ಲಿದ್ದವರು ಬೆರಗಾಗುತ್ತಾರೆ. ದಶಕಗಳ ಕಾಲ ಲಕ್ಷಾಂತರ ಮನೆಗಳೊಳಗೆ ಓಡಾಡಿಯೂ ಬೀದಿಯಲ್ಲಿ ಅಪರಿಚಿತನಾಗಿ ಉಳಿಯುವ ಈ ಕಲಾವಿದನಿಗೆ ನಾವು ಸಲ್ಲಿಸಬೇಕಾದ ಗೌರವ ಯಾವ ಬಗೆಯದು ಎಂಬುದೇ ಈ ವಾರದ ಚಿಂತನೆ.

ಹಳೆಯ ಬೆಂಗಳೂರಿನವರಿಗೆ 'ಆಕಾಶವಾಣಿ ಈರಣ್ಣ' ಎಂದರೆ ಬೇರೆ ಪರಿಚಯ ಬೇಕಿಲ್ಲ. ಅವರ ನಿಜನಾಮಧೇಯ ಎ. ಎಸ್. ಮೂರ್ತಿ. 1929ರಲ್ಲಿ ಜನಿಸಿ 2012ರ ಡಿಸೆಂಬರ್ ತಿಂಗಳಲ್ಲಿ ನಿಧನರಾದ ಈ ಹಿರಿಯರು ನಟರು, ನಾಟಕಕಾರರು, ನಿರ್ದೇಶಕರು, ಚಿತ್ರಕಲೆಯ ವಾತಾವರಣದಲ್ಲಿ ಬೆಳೆದವರು. 1919ರಲ್ಲಿ 'ಕಲಾಮಂದಿರ' ಎಂಬ ಚಿತ್ರಕಲಾ ಶಾಲೆಯನ್ನು ಕಟ್ಟಿದ ಎ. ಎನ್. ಸುಬ್ಬರಾಯರು ಇವರ ತಂದೆ. ಬಣ್ಣ ಮತ್ತು ರೇಖೆಗಳ ಮನೆಯಲ್ಲಿ ಹುಟ್ಟಿದ ಮಗ, ಬಣ್ಣವೂ ರೇಖೆಯೂ ಇಲ್ಲದ ಮಾಧ್ಯಮವೊಂದರಲ್ಲಿ ಹೆಸರಾದುದು ಸೋಜಿಗವೇ ಸರಿ. ಕೇಳುಗರು ಅವರಿಗೆ ಸಲ್ಲಿಸಿದ ಅತಿ ದೊಡ್ಡ ಪ್ರಶಸ್ತಿಯೆಂದರೆ, ತಂದೆತಾಯಿ ಇಟ್ಟ ಹೆಸರನ್ನು ಮರೆತು ಬಾನುಲಿಯ ಹೆಸರಿನಿಂದಲೇ ಅವರನ್ನು ಕರೆದದ್ದು.

'ಆಕಾಶವಾಣಿ' ಎಂಬ ಮಾತೇ ಕನ್ನಡ ನಾಡಿನ ಕೊಡುಗೆ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪುಟ್ಟ ಪ್ರೇಷಕವೊಂದರ ಮೂಲಕ ಪ್ರಸಾರ ಆರಂಭಿಸಿದರು. ಆ ನಿಲಯದ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಅದಕ್ಕೆ ನಾಲ್ಕು ವರ್ಷ ಮೊದಲು, 1931ರಲ್ಲಿ, ಮಾರ್ಕೋನಿಯವರು ನಿರ್ಮಿಸಿಕೊಟ್ಟ ವ್ಯಾಟಿಕನ್ ರೇಡಿಯೊ ಮೂಲಕ ಪೋಪ್ ಹನ್ನೊಂದನೇ ಪಯಸ್ ಅವರು ಲೋಕವನ್ನು ಉದ್ದೇಶಿಸಿ ಮಾತನಾಡಿದ್ದರು. ಬೆಂಗಳೂರು ನಿಲಯ 1955ರ ನವೆಂಬರ್ ತಿಂಗಳಲ್ಲಿ ಆರಂಭವಾಯಿತು. ಹಳೆಯ ಕನ್ನಡ ಬೈಬಲ್ಲನ್ನು ಓದಿದವರಿಗೆ ಮತ್ತೊಂದು ಸಂಗತಿಯೂ ನೆನಪಾಗಬಹುದು. ಜೋರ್ಡಾನ್ ನದಿಯಲ್ಲಿ ಯೇಸುಸ್ವಾಮಿಯ ದೀಕ್ಷಾಸ್ನಾನವಾದಾಗ ಕೇಳಿಬಂದ ಧ್ವನಿಗೆ ಅನುವಾದಕರು ಆರಿಸಿದ ಮಾತೂ 'ಆಕಾಶವಾಣಿ'ಯೇ. ಕಾಣದವನ ಮಾತನ್ನು ನಂಬುವುದು ನಮಗೆ ಹೊಸದಲ್ಲ.

ಬಾನುಲಿ ನಟನೆ ಸುಲಭವೆಂದು ಭಾವಿಸುವವರುಂಟು. ಸಂಭಾಷಣೆಯನ್ನು ಬಾಯಿಪಾಠ ಮಾಡಬೇಕಿಲ್ಲ, ವೇಷ ಕಟ್ಟಬೇಕಿಲ್ಲ, ಕೈಯಲ್ಲಿ ಹಾಳೆ ಹಿಡಿದು ಓದಿದರಾಯಿತು ಎಂಬುದು ಅವರ ವಾದ. ವಾಸ್ತವ ಹಾಗಿಲ್ಲ. ರಂಗದ ಮೇಲೆ ಕಣ್ಣು, ಕೈ, ಬೆಳಕು, ಉಡುಪು ಎಲ್ಲವೂ ನಟನ ನೆರವಿಗೆ ಬರುತ್ತವೆ. ಧ್ವನಿವರ್ಧಕದ ಮುಂದೆ ಅವನು ಏಕಾಂಗಿ. ಪಾತ್ರ ದೂರದಿಂದ ಬರುತ್ತಿದೆ ಎಂಬುದನ್ನು ಅವನು ಮೈಕಿನಿಂದ ದೂರ ನಿಂತು, ಮೆಲ್ಲನೆ ಹತ್ತಿರ ಬಂದು ತೋರಬೇಕು. ಗುಟ್ಟಿನ ಮಾತಿಗೆ ಮೈಕಿನ ಹತ್ತಿರ ಬಾಗಬೇಕು. ಹಾಳೆ ಮಗುಚುವ ಸದ್ದೂ ಕೇಳಿಸಬಾರದು. ಗೆರಟೆಗಳನ್ನು ತಟ್ಟಿ ಕುದುರೆಯ ಖುರಪುಟ ಎಬ್ಬಿಸುವವನೊಡನೆ ಅವನ ಉಸಿರು ಹೊಂದಿಕೊಳ್ಳಬೇಕು. ಆರಂಭದ ದಿನಗಳಲ್ಲಿ ನಾಟಕಗಳು ನೇರವಾಗಿಯೇ ಪ್ರಸಾರವಾಗುತ್ತಿದ್ದವು. ತಪ್ಪಿದರೆ ತಿದ್ದಿಕೊಳ್ಳುವ ಅವಕಾಶವಿರಲಿಲ್ಲ. ಎ. ಎಸ್. ಮೂರ್ತಿ, ಯಮುನಾ ಮೂರ್ತಿಯವರಂಥ ಕಲಾವಿದರು ಬೆಂಗಳೂರು ನಿಲಯದ ನಾಟಕಗಳಿಗೆ ತಂದ ಜೀವಂತಿಕೆಯ ಹಿಂದೆ ಇಂಥ ಶಿಸ್ತಿತ್ತು.

ತತ್ವಶಾಸ್ತ್ರದ ವಿದ್ಯಾರ್ಥಿಗಳು ಅರಿಸ್ಟಾಟಲನ ಆತ್ಮವಿಚಾರದ ಗ್ರಂಥದಲ್ಲಿ ಒಂದು ಸೂಕ್ಷ್ಮವಾದ ಭೇದವನ್ನು ಕಾಣುತ್ತಾರೆ. ಎಲ್ಲ ಸದ್ದೂ ಧ್ವನಿಯಲ್ಲ. ಕೆಮ್ಮು ಗಂಟಲಿನಿಂದಲೇ ಹೊರಟರೂ ಅದು ಧ್ವನಿಯೆನಿಸದು. ಆತ್ಮವುಳ್ಳ ಜೀವಿಯು ಅರ್ಥವನ್ನು ಕಲ್ಪಿಸಿಕೊಂಡು ಹೊರಡಿಸಿದ ಸದ್ದು ಮಾತ್ರ ಧ್ವನಿ. ಈ ಮಾನದಂಡದಿಂದ ಅಳೆದರೆ ನಮ್ಮ ಸುತ್ತಲಿನ ಗದ್ದಲದಲ್ಲಿ ಸದ್ದು ಬಹಳ, ಧ್ವನಿ ವಿರಳ. ಸಂತ ಅಗಸ್ಟೀನರು ಕಾಲದ ಸ್ವರೂಪವನ್ನು ವಿವರಿಸಲು ಹೊರಟಾಗ ಉದಾಹರಣೆಯಾಗಿ ಆರಿಸಿಕೊಂಡದ್ದೂ ಧ್ವನಿಯನ್ನೇ. ಕಂಠಸ್ಥವಾದ ಕೀರ್ತನೆಯೊಂದನ್ನು ಹಾಡುವಾಗ ಹಾಡಿದ ಭಾಗ ನೆನಪಿಗೆ ಸರಿಯುತ್ತದೆ, ಹಾಡಬೇಕಾದ ಭಾಗ ನಿರೀಕ್ಷೆಯಲ್ಲಿರುತ್ತದೆ, ನಡುವೆ ಗಮನ ಜಾಗೃತವಾಗಿರುತ್ತದೆ. ಕಥೆ ಹೇಳುವವನು ಮಾಡುವುದೂ ಇದನ್ನೇ. 'ಮುಂದೇನಾಯಿತು?' ಎಂದು ಮಗು ಕೇಳುವ ಕ್ಷಣದಲ್ಲಿ ನೆನಪು, ಗಮನ, ನಿರೀಕ್ಷೆ ಮೂರೂ ಒಂದಾಗಿರುತ್ತವೆ. ಮನುಷ್ಯನ ಮನಸ್ಸನ್ನು ಹೀಗೆ ಒಟ್ಟುಗೂಡಿಸುವ ಕೆಲಸವನ್ನು ವರ್ಷಗಟ್ಟಲೆ ಮಾಡಿದವನನ್ನು ಕೇವಲ ಮನರಂಜಕ ಎನ್ನಲಾಗದು.

ಈರಣ್ಣನವರ ಬದುಕಿನಲ್ಲಿ ನನಗೆ ಮತ್ತಷ್ಟು ಮಹತ್ವದ್ದಾಗಿ ತೋರುವುದು ಅವರು ಕಟ್ಟಿದ 'ಅಭಿನಯ ತರಂಗ' ಎಂಬ ಭಾನುವಾರದ ನಾಟಕ ಶಾಲೆ. ವಾರವೆಲ್ಲ ಕಚೇರಿ, ಕಾರ್ಖಾನೆ, ಕಾಲೇಜುಗಳಲ್ಲಿ ಕಳೆಯುವವರು ರಜಾದಿನದಲ್ಲಿ ಬಂದು ನಟನೆಯನ್ನು ಶಾಸ್ತ್ರೀಯವಾಗಿ ಕಲಿಯುವಂತೆ ಅವರು ವ್ಯವಸ್ಥೆ ಮಾಡಿದರು. ಬೀದಿ ನಾಟಕಗಳ ಮೂಲಕ ಟಿಕೆಟು ಕೊಳ್ಳಲಾಗದವರ ಬಳಿಗೂ ನಾಟಕವನ್ನು ಕೊಂಡೊಯ್ದರು. ತನ್ನ ಧ್ವನಿಯೊಂದೇ ಮೊಳಗಲಿ ಎಂದು ಬಯಸುವ ಕಲಾವಿದರು ಹಲವರಿರುತ್ತಾರೆ. ಇತರರ ಧ್ವನಿಯನ್ನು ತಿದ್ದಿ ತೀಡಿ ಹೊರಡಿಸುವವರು ಕೆಲವರೇ. ದೀರ್ಘಕಾಲ ಬಾಳಿದ ಮಾತ್ರಕ್ಕೆ ಕಲಾವಿದ ಹಿರಿಯನಾಗುವುದಿಲ್ಲ. ಪಡೆದುದನ್ನು ಕೊಟ್ಟುಹೋದಾಗ ಹಿರಿಯನಾಗುತ್ತಾನೆ.

ಇಲ್ಲೊಂದು ಆಕ್ಷೇಪಣೆ ಬರುವುದು ಸಹಜ. 'ಗುರುಗಳೇ, ಇಂದು ಕಥೆಗಳಿಗೇನು ಕೊರತೆ? ಆಕಾಶವಾಣಿಯೇ ಮೊಬೈಲಿನಲ್ಲಿ ಸಿಗುತ್ತದೆ. ಬೇಕಾದ ಕಥೆಯನ್ನು ಬೇಕಾದ ಹೊತ್ತಿನಲ್ಲಿ ಕೇಳಬಹುದು' ಎಂದು ಯುವಕರು ಹೇಳುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ. ಹೊಸ ಸಲಕರಣೆಗಳನ್ನು ನಾನು ಹಳಿಯುವುದಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಂಚೆ ಕಚೇರಿಯಲ್ಲಿ ಪರವಾನಗಿ ಶುಲ್ಕ ಕಟ್ಟಿ ಮನೆಗೆ ತಂದ ರೇಡಿಯೊ ಇಡೀ ಮನೆಯ ಸೊತ್ತಾಗಿತ್ತು. ರೇಡಿಯೊ ಇಲ್ಲದ ನೆರೆಮನೆಯವರೂ ನಾಟಕದ ಹೊತ್ತಿಗೆ ಬಂದು ಜಗಲಿಯಲ್ಲಿ ಕೂರುತ್ತಿದ್ದರು. ಅತ್ತೆಯೂ ಸೊಸೆಯೂ ಒಂದೇ ಮಾತಿಗೆ ನಗುತ್ತಿದ್ದರು, ಒಂದೇ ಮಾತಿಗೆ ಕಣ್ಣೊರೆಸಿಕೊಳ್ಳುತ್ತಿದ್ದರು. ಇಂದು ಒಂದೇ ಸೋಫಾದಲ್ಲಿ ಕುಳಿತ ನಾಲ್ವರ ಕಿವಿಗಳಲ್ಲಿ ನಾಲ್ಕು ಲೋಕಗಳಿವೆ. ಕಥೆ ಉಳಿದಿದೆ, ಕೂಡಿ ಕೇಳುವುದು ಉಳಿದಿಲ್ಲ.

ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ಮನೆಗಳನ್ನು ಸಂದರ್ಶಿಸುವಾಗ ನಾನು ಪದೇ ಪದೇ ಕಾಣುವುದು ಮಾತು ಕಳೆದುಕೊಂಡ ಅಜ್ಜಿಯರನ್ನು. ಅವರ ನಾಲಗೆಗೆ ರೋಗವಿಲ್ಲ. ಅವರ ಕನ್ನಡ ಮೊಮ್ಮಕ್ಕಳಿಗೆ ಅರ್ಥವಾಗುವುದಿಲ್ಲ. ಮೊಮ್ಮಕ್ಕಳ ಇಂಗ್ಲಿಷು ಅಜ್ಜಿಗೆ ಎಟುಕುವುದಿಲ್ಲ. 'ಊಟ ಆಯಿತಾ?', 'ಆಯಿತು' ಎಂಬಲ್ಲಿಗೆ ಅವರ ಸಂಭಾಷಣೆ ಮುಗಿಯುತ್ತದೆ. ಪ್ಲೇಗಿನ ಕಾಲದಲ್ಲಿ ಊರು ಬಿಟ್ಟ ಹಿರಿಯರ ಕಥೆ, ಮೊದಲ ಗುಡಿ ಕಟ್ಟಲು ಕಲ್ಲು ಹೊತ್ತವರ ಕಥೆ, ಪವಿತ್ರ ವಾರದಲ್ಲಿ ಹಾರೋಬೆಲೆಯ 'ಮಹಿಮೆ' ನಾಟಕವನ್ನು ನೋಡಲು ಹೋದ ಕಥೆ, ಇವೆಲ್ಲವೂ ಆ ಮುದುಕಿಯ ಎದೆಯಲ್ಲಿಯೇ ಇಂಗಿಹೋಗುತ್ತಿವೆ. ಇಂಗ್ಲಿಷು ಕಲಿಸುವುದು ತಪ್ಪಲ್ಲ. ಅಜ್ಜಿಯೊಡನೆ ಮಾತನಾಡಲು ಬಾರದಂತೆ ಬೆಳೆಸುವುದು ತಪ್ಪು. ಹಿರಿಯ ನಟರ ಭಾವಚಿತ್ರಕ್ಕೆ ಹಾರ ಹಾಕಿ, ಮನೆಯ ಮೂಲೆಯಲ್ಲಿರುವ ಕಥೆಗಾರ್ತಿಯನ್ನು ಮೂಕಳನ್ನಾಗಿಸಿದರೆ ಆ ಹಾರಕ್ಕೆ ಅರ್ಥವೇನು?

ನಮ್ಮ ಧರ್ಮಸಭೆಗೂ ಈ ಮಾತು ಅನ್ವಯಿಸುತ್ತದೆ. ಯೇಸುಸ್ವಾಮಿ ಪುಸ್ತಕ ಬರೆಯಲಿಲ್ಲ. ಅವರು ಬೆರಳಿನಿಂದ ನೆಲದ ಮೇಲೆ ಬರೆದದ್ದನ್ನು ಶುಭಸಂದೇಶವು ಒಂದು ಕಡೆ ಮಾತ್ರ ಹೇಳುತ್ತದೆ; ಬರೆದದ್ದೇನೆಂಬುದನ್ನು ತಿಳಿಸುವುದಿಲ್ಲ. ಅವರು ದೋಣಿಯಲ್ಲಿ ಕುಳಿತು, ಊಟದ ಪಂಕ್ತಿಯಲ್ಲಿ ಕುಳಿತು ಸಾಮತಿಗಳನ್ನು ಹೇಳಿದರು. ಕೇಳಿದವರು ಮತ್ತೊಬ್ಬರಿಗೆ ಹೇಳಿದರು. ಹೀಗಿರುವಾಗ ಭಾನುವಾರದ ಬಲಿಪೂಜೆಯಲ್ಲಿ ವಾಚನವನ್ನು ರೈಲು ತಪ್ಪಿಹೋಗುವುದೇನೋ ಎಂಬಂತೆ ಓದಿ ಮುಗಿಸುವುದು ಶೋಭೆಯಲ್ಲ. ವಾಚಕರು ಶನಿವಾರ ಸಂಜೆ ಆ ಭಾಗವನ್ನು ಮನೆಯವರ ಮುಂದೆ ಗಟ್ಟಿಯಾಗಿ ಎರಡು ಬಾರಿ ಓದಲಿ. ಎಲ್ಲಿ ನಿಲ್ಲಬೇಕು, ಯಾವ ಪದಕ್ಕೆ ಒತ್ತು ಕೊಡಬೇಕು ಎಂಬುದನ್ನು ಅರಿಯಲಿ. ಬಾನುಲಿಯ ನಟ ಕಾಣದ ಕೇಳುಗನಿಗಾಗಿ ಪಟ್ಟ ಶ್ರಮದ ಅರ್ಧವನ್ನಾದರೂ ನಾವು ಕಣ್ಣೆದುರಿನ ಭಕ್ತರಿಗಾಗಿ ಪಡಬಾರದೇ? ಈ ಮಾತು ಪ್ರಬೋಧನೆ ಮಾಡುವ ನಮಗೂ, ಅಂದರೆ ಗುರುಗಳಿಗೂ, ಸೇರಿಯೇ ಹೇಳಿದ್ದು.

ಕುಟುಂಬಗಳಿಗೆ ನನ್ನ ಸಲಹೆಗಳು ಮೂರು. ಮೊದಲನೆಯದಾಗಿ, ವಾರದಲ್ಲಿ ಒಂದು ಸಂಜೆಯಾದರೂ ಜಪಸರದ ನಂತರ ಹದಿನೈದು ನಿಮಿಷ ಹಿರಿಯರೊಬ್ಬರು ಕಥೆ ಹೇಳಲಿ. ದೂರದರ್ಶನ, ಮೊಬೈಲು ಎರಡೂ ಮೌನವಾಗಿರಲಿ. ಎರಡನೆಯದಾಗಿ, ಅದೇ ಮೊಬೈಲನ್ನು ಸತ್ಕಾರ್ಯಕ್ಕೆ ಬಳಸಿ ಅಜ್ಜ ಅಜ್ಜಿಯರ ಮಾತನ್ನು ಮುದ್ರಿಸಿಕೊಳ್ಳಿ. ಹೇಳಿದವರ ಹೆಸರು, ಊರು, ದಿನಾಂಕಗಳನ್ನು ಬರೆದಿಡಿ. ಬಾನುಲಿಯ ಎಷ್ಟೋ ಹಳೆಯ ನಾಟಕಗಳು ಗಾಳಿಯಲ್ಲಿ ಕರಗಿಹೋದವು. ಮನೆಯ ಧ್ವನಿಗಳಿಗೂ ಅದೇ ಗತಿ ಬರುವುದು ಬೇಡ. ಮೂರನೆಯದಾಗಿ, ಧರ್ಮೋಪದೇಶ ತರಗತಿಯ ಮಕ್ಕಳಿಗೆ ವರ್ಷಕ್ಕೊಮ್ಮೆ ಕನ್ನಡದಲ್ಲಿ ಕಥೆ ಹೇಳುವ ಸ್ಪರ್ಧೆಯಿಡಿ. ಬಹುಮಾನವನ್ನು ಮಗುವಿಗೂ, ಆ ಕಥೆಯನ್ನು ಅದಕ್ಕೆ ಕಲಿಸಿದ ಹಿರಿಯರಿಗೂ ಒಟ್ಟಿಗೆ ಕೊಡಿ.

ಸರ್ಕಾರ ಮತ್ತು ಆಕಾಶವಾಣಿಯ ಹೊಣೆಯೂ ಇದೆ. ಉಳಿದಿರುವ ಧ್ವನಿಮುದ್ರಿಕೆಗಳನ್ನು ಜೋಪಾನಮಾಡಿ ಜನರಿಗೆ ದೊರಕಿಸುವುದು, ಬಾನುಲಿ ನಾಟಕಕ್ಕೆ ಯೋಗ್ಯ ಸಮಯವನ್ನೂ ಕಲಾವಿದರಿಗೆ ಯೋಗ್ಯ ಸಂಭಾವನೆಯನ್ನೂ ಕೊಡುವುದು ಅವರ ಕರ್ತವ್ಯ. ಅದನ್ನು ಕೇಳುವ ಹಕ್ಕು ನಮಗಿದೆ. ಆದರೆ ಕೇಳುವ ಮಂದಿ ಇಲ್ಲದೆ ಯಾವ ನಿಲಯವೂ ಬಹುಕಾಲ ಮಾತನಾಡಲಾರದು. ಈರಣ್ಣನವರಂಥ ಹಿರಿಯರ ಸುದೀರ್ಘ ಸೇವೆಗೆ ಅರ್ಧ ಕಾರಣ ಅವರ ಪ್ರತಿಭೆ. ಇನ್ನರ್ಧ, ಗೊತ್ತಾದ ಹೊತ್ತಿಗೆ ಕೆಲಸ ಬದಿಗಿಟ್ಟು ಕಿವಿಗೊಟ್ಟ ಹೆಸರಿಲ್ಲದ ಕುಟುಂಬಗಳು. ಆ ಕುಟುಂಬಗಳ ಮಕ್ಕಳು ನಾವು. ಕಿವಿಗೊಡುವ ವಿದ್ಯೆಯನ್ನು ನಮ್ಮ ಮಕ್ಕಳಿಗೆ ಕಲಿಸದೆ ಹೋದರೆ, ನಾಳೆ ನಮ್ಮ ಮುಪ್ಪಿನಲ್ಲಿ ನಮ್ಮ ಮಾತನ್ನು ಕೇಳುವವರು ಯಾರು?